ಒಂದು ಗಂಟೆಯ ಸಹಜ ಮಾತು

ವಾಲ್ಟರ್ ಪೆನ್‌ಫೋಲ್ಡ್ ಸತ್ತದ್ದರಲ್ಲಿ ತಪ್ಪೇನೂ ಇರಲಿಲ್ಲ. ಎಂಬತ್ತೊಂಬತ್ತು ವರ್ಷ ಗಿರಣಿ ಚಿಮಣಿಯ ಹಾಗೆ ಪೈಪಿನ ಹೊಗೆ ಬಿಟ್ಟುಕೊಂಡು ಬದುಕಿದ ಮನುಷ್ಯನಿಗೆ ಸಾಯುವ ಹಕ್ಕು ಬೇರೆಯವರಿಗಿಂತ ಒಂದು ತೂಕ ಹೆಚ್ಚೇ ಇರುತ್ತದೆ. ಆದರೆ ಅವನು ಒಂದು ತಿಂಗಳು ತಡೆದು ಸತ್ತಿದ್ದರೆ ಸ್ವರ್ಗದ ಬಾಗಿಲೇನೂ ಮುಚ್ಚಿಹೋಗುತ್ತಿರಲಿಲ್ಲ, ಡೆಸ್ಮಂಡ್ ಹಾರ್ಗ್ರೀವ್ಸ್‌ನ ಬಾಳು ಉಳಿಯುತ್ತಿತ್ತು. ಈಗ ನೋಡಿದರೆ ವಾಲ್ಟರನ ಮಣ್ಣು ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ, ಡೆಸ್ಮಂಡನ ಗಡುವು ಅದೇ ಶುಕ್ರವಾರ ಸಂಜೆ ಐದಕ್ಕೆ.

ಡೆಸ್ಮಂಡನಿಗೆ ಮೂವತ್ತೆಂಟು. ಆ ವಯಸ್ಸಿಗೆ ನಮ್ಮ ಹೆಕಲ್‌ಡೆನ್ ಕಣಿವೆಯ ಗಂಡಸರು ಎರಡು ಮದುವೆ ಮುಗಿಸಿ ಮೂರನೆಯದಕ್ಕೆ ಮೀನಮೇಷ ಎಣಿಸುತ್ತಿರುತ್ತಾರೆ. ಇವನು ಮಾತ್ರ ಬಸ್ಸಿನಲ್ಲಿ ಒಂದು ಗಂಟೆ ದೂರದ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಭಾಷಾವಿಜ್ಞಾನದ ಸಂಶೋಧನಾ ವಿದ್ಯಾರ್ಥಿ. ಮೊಣಕೈ ಸವೆದ ಕೋಟು, ಮಡಿ ಮಾಡಿ ಇಸ್ತ್ರಿ ಹಾಕಿದಂಥ ಮಾತು, ಮಳೆಗೆ ಸಿಕ್ಕಿದ ಪಾರಿವಾಳದಂಥ ಮುಖ.

ಆ ವಿಭಾಗದಲ್ಲಿ ಎರಡು ಪಂಥ. ಒಂದು ಮರದವರದು. ಅವರು ಒಂದು ವಾಕ್ಯ ಹಿಡಿದು, ಬೇರು ಮೇಲೆ ಕೊಂಬೆ ಕೆಳಗೆ ಮಾಡಿ, ಬಾವಲಿಯ ಹಾಗೆ ಕಾಗದದ ಮೇಲೆ ನೇತುಹಾಕುತ್ತಾರೆ. ಭಾಷೆ ಹುಟ್ಟುವಾಗಲೇ ತಲೆಯೊಳಗೆ ಇರುತ್ತದೆ, ಹೊರಗೆ ಹೋಗಿ ಯಾರನ್ನೂ ಕೇಳಬೇಕಾಗಿಲ್ಲ, ಕೋಣೆಯಲ್ಲಿ ಹೀಟರ್ ಹಾಕಿಕೊಂಡು ಕೂತು ತನ್ನನ್ನೇ ತಾನು ಕೇಳಿಕೊಂಡರೆ ಸಾಕು ಎಂಬುದು ಅವರ ಮತ. ಇನ್ನೊಂದು ಬೀದಿಯವರದು. ಭಾಷೆ ಇರುವುದು ಬೀದಿಯಲ್ಲಿ, ಜನರ ಬಾಯಿಂದ ಉದುರಿದ್ದನ್ನು ಮಳೆಯಲ್ಲಿ ನೆನೆದುಕೊಂಡು ಹೆಕ್ಕಿ ತರಬೇಕು ಎಂಬುದು ಇವರ ಮತ. ಎರಡೂ ಪಂಥದವರು ಲಿಫ್ಟಿನಲ್ಲಿ ಎದುರಾದರೆ ಒಬ್ಬರು ಇಳಿದು ಮೆಟ್ಟಿಲು ಹತ್ತುತ್ತಾರೆ. ಡೆಸ್ಮಂಡ್ ಮೊದಲ ವರ್ಷ ಮರ ಹತ್ತಿ ಬಿದ್ದ, ಎರಡನೆಯ ವರ್ಷ ಬೀದಿಗೆ ಬಂದ.

ಬೀದಿಯವರಿಗೆ ಒಂದು ಶಾಪವಿದೆ. ಯಾರೂ ಕೇಳಿಸಿಕೊಳ್ಳದಿದ್ದಾಗ ಜನ ಹೇಗೆ ಮಾತಾಡುತ್ತಾರೋ ಅದನ್ನು ಇವರು ಕೇಳಿಸಿಕೊಳ್ಳಬೇಕು. ಡೆಸ್ಮಂಡ್ ನಮ್ಮ ಟ್ಯಾನರ್ ಬೀದಿಯಲ್ಲಿ ಐವಿ ಕ್ರಾಬ್‌ಟ್ರೀ ಎಂಬ ವಿಧವೆಯ ಮನೆಯ ಮೇಲಿನ ಕೋಣೆಯನ್ನು ಬಾಡಿಗೆಗೆ ಹಿಡಿದು, ಬೆಂಕಿಪೊಟ್ಟಣದಷ್ಟು ಸಣ್ಣ ರೆಕಾರ್ಡರನ್ನು ಮೇಜಿನ ಮೇಲಿಟ್ಟು ಅದರ ಕೆಂಪು ದೀಪ ಹೊತ್ತಿಸಿದನೋ ಇಲ್ಲವೋ, ಅಲ್ಲಿಯವರೆಗೆ ಹಾಲಿನವನನ್ನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದ ಐವಿ ಬೆನ್ನು ನೆಟ್ಟಗೆ ಮಾಡಿ, "ಈ ದಿನದ ಹವಾಮಾನವು ಅತ್ಯಂತ ಆಹ್ಲಾದಕರವಾಗಿದೆಯೆಂದು ನಾನು ಭಾವಿಸುತ್ತೇನೆ" ಎಂದಳು. ಹೊರಗೆ ಬೀಳುತ್ತಿದ್ದ ಮಳೆಗೆ ಬೈಬಲಿನ ಪ್ರಳಯ ಕಂಡ ನೋಹನೇ ಹಡಗು ಹುಡುಕಿಕೊಂಡು ಓಡಬೇಕಿತ್ತು. ಬೀದಿಯ ಎಲ್ಲರದೂ ಇದೇ ಕತೆ. ರೆಕಾರ್ಡರ್ ಕಂಡರೆ ಸಾಕು, ಕಸಾಯಿಯವನು ಪಾದ್ರಿಯಾಗುತ್ತಿದ್ದ, ಪಾದ್ರಿ ಮೂಕನಾಗುತ್ತಿದ್ದ.

ವಾಲ್ಟರ್ ಒಬ್ಬ ಬೇರೆ. ಕೆಂಪು ದೀಪದ ಮುಂದೆಯೂ ಅವನು ಪೈಪು ಕಚ್ಚಿಕೊಂಡು, ಗಿರಣಿ ಕಾಲದ, ನೇಯ್ಗೆ ಕಾಲದ, ಕಣಿವೆಯಲ್ಲಿ ಬೇರೆ ಯಾರ ಬಾಯಲ್ಲೂ ಉಳಿಯದ ಹಳೆಯ ಮಾತನ್ನು ನೀರು ಕುಡಿದ ಹಾಗೆ ಆಡುತ್ತಿದ್ದ. ಎರಡು ವರ್ಷದಲ್ಲಿ ನಲವತ್ತೊಂದು ಗಂಟೆ. ಡೆಸ್ಮಂಡನ ಪ್ರಬಂಧದ ಹೆಸರೇ 'ಹೆಕಲ್‌ಡೆನ್ನಿನ ಕೊನೆಯ ನಾಲಿಗೆ'. ಆದರೆ ಸಮಿತಿಯವರು ಕಾಗದ ಬರೆದರು: ಒಬ್ಬನ ಮಾತು ಭಾಷೆಯಾಗುವುದಿಲ್ಲ, ಅದು ಕಾಯಿಲೆಯೂ ಆಗಿರಬಹುದು. ಬೀದಿಯ ಜನ ತಮ್ಮತಮ್ಮಲ್ಲಿ ಆಡಿದ ಒಂದು ಗಂಟೆಯ ಸಹಜ ಮಾತು ತನ್ನಿ, ಆಡಿದವರ ಒಪ್ಪಿಗೆ ಸಹಿಯನ್ನೂ ತನ್ನಿ. ಶುಕ್ರವಾರ ಐದರೊಳಗೆ ತರದಿದ್ದರೆ ನಿಮ್ಮ ಹೆಸರನ್ನು ಪಟ್ಟಿಯಿಂದ ತೆಗೆಯಲಾಗುವುದು. "ನಮ್ಮನೆಗೆ ನಾಕ್ ಜನನ ಸೇರುಸ್ತೀನಿ ಇರ್ಲಾ" ಎಂದು ಮಾತು ಕೊಟ್ಟಿದ್ದ ವಾಲ್ಟರ್, ಆ ನಾಲ್ಕು ಜನರ ಹೆಗಲ ಮೇಲೆ ಹೊರಡಲು ಸಿದ್ಧನಾಗಿಬಿಟ್ಟ.

ಶುಕ್ರವಾರ ಬೆಳಿಗ್ಗೆ ಡೆಸ್ಮಂಡ್ ಕೆಳಗಿಳಿದು ಬಂದಾಗ ಐವಿ ಕಪ್ಪು ಬಟ್ಟೆ ಹಾಕಿಕೊಂಡು, ದಂಡಿಗೆ ಸಾಕಾಗುವಷ್ಟು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದಳು. ಪಕ್ಕದಲ್ಲಿ ಬೇಯಿಸಿದ ಹಂದಿ ತೊಡೆ, ಅಂದರೆ ಹ್ಯಾಮು, ಮಲಗಿದ ಮಗುವಿನಷ್ಟು ದೊಡ್ಡದು. ನಮ್ಮಲ್ಲಿ ಹ್ಯಾಮು ಬಡಿಸದೆ ಮಣ್ಣು ಮಾಡಿದರೆ ಸತ್ತವನು ಪೂರ್ತಿ ಸತ್ತ ಹಾಗಲ್ಲ.

"ಮುಖ ಯಾಕಪ್ಪ ಹಂಗಿದೆ? ಹೆಣಕ್ಕಿಂತ ಕಡೆಯಾಗಿದೀಯ" ಎಂದಳು ಐವಿ.

"ಐವಿ ಆಂಟಿ, ಇವತ್ತು ಐದು ಗಂಟೆಗೆ ನನ್ನ ಓದು ಮುಗಿಯುತ್ತದೆ."

"ಪಾಸಾದ್ಯಾ?"

"ಇಲ್ಲ. ಹೊರಗೆ ಹಾಕುತ್ತಾರೆ."

"ಅಯ್ಯೋ ಪಾಪ" ಎಂದು ಐವಿ ಇನ್ನೊಂದು ಬ್ರೆಡ್ಡಿಗೆ ಬೆಣ್ಣೆ ಹಚ್ಚಿದಳು. "ಹೋಗ್ಲಿ ಬಿಡು ಮರಿ. ನಮ್ಮೆಜಮಾನ್ರು ಓದೇ ಇರ್ಲಿಲ್ಲ, ಆದ್ರೂ ಸತ್ರು. ಒಂದ್ ಕೆಲಸ ಮಾಡು. ಚರ್ಚ್ ಬಾಗ್ಲಲ್ಲಿ ನಿಂತ್ಕೊಂಡು ಬಂದವ್ರಿಗೆಲ್ಲ ಹೆಸರು ಬರೆಯೋ ಚೀಟಿ ಕೊಡು. ಯಾರ್ ಬಂದ್ರು ಯಾರ್ ಬರ್ಲಿಲ್ಲ ಅಂತ ವಾಲ್ಟರ್ ತಂಗಿಗೆ ಗೊತ್ತಾಗ್ಬೇಕಲ್ಲ. ದಕ್ಷಿಣದಿಂದ ಬರ್ತಿದಾಳಂತೆ. ಆಮೇಲೆ ಎಲ್ಲಾರೂ ಕ್ಲಬ್ಬಿಗೆ. ಟೀ, ಹ್ಯಾಮು, ಮಾತು. ಸಂಜೆ ತನಕ ಬಾಯಿ ಮುಚ್ಚಲ್ಲ ನೋಡು ನಮ್ಮೋರು."

ಡೆಸ್ಮಂಡನ ತಲೆಯೊಳಗೆ, ಮರದವರು ಹೇಳುವ ಆ ಜಾಗದಲ್ಲಿ, ದೀಪವೊಂದು ಹೊತ್ತಿತು. ಇಡೀ ಬೀದಿ ಒಂದೇ ಕೋಣೆಯಲ್ಲಿ. ಬಾಯಿ ಮುಚ್ಚುವುದಿಲ್ಲ. ಬರುವವರೆಲ್ಲ ಬಾಗಿಲಲ್ಲಿ ಒಂದು ಕಾಗದಕ್ಕೆ ಸಹಿ ಹಾಕುತ್ತಾರೆ. ಒಂದರ ಬದಲು ಎರಡಕ್ಕೆ ಹಾಕಿದರೆ ಯಾರಪ್ಪನ ಗಂಟು ಹೋಗುತ್ತದೆ?

ಹನ್ನೊಂದಕ್ಕೆ ಅವನು ಚರ್ಚಿನ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಕಪ್ಪು ಅಂಚಿನ ಚೀಟಿಗಳು, ಒಂದೊಂದರ ಕೆಳಗೂ ವಿಶ್ವವಿದ್ಯಾಲಯದ ಒಪ್ಪಿಗೆ ಪತ್ರ. ಸಾವಿನ ಬಾಗಿಲಲ್ಲಿ ಕೊಟ್ಟ ಕಾಗದವನ್ನು ಯಾರೂ ಓದುವುದಿಲ್ಲ. ಛತ್ರಿ ಕೊಡವಿದರು, ಮೂಗು ಒರೆಸಿದರು, "ಎಲ್ಲಿ, ಇಲ್ಲಾ? ಇಲ್ಲೂನಾ?" ಎಂದು ಗೀಚಿ ಒಳಗೆ ಹೋದರು. ಮೂವತ್ತಮೂರು ಸಹಿ. ಯುದ್ಧದಲ್ಲಿ ಶರಣಾದ ಸೈನ್ಯವೂ ಇಷ್ಟು ಬೇಗ ಸಹಿ ಹಾಕಿದ್ದಿಲ್ಲ.

ಮೂವತ್ತನಾಲ್ಕನೆಯವನು ಸಿರಿಲ್ ಎಂಟ್ವಿಸಲ್. ರೈಲ್ವೆಯಲ್ಲಿ ನಲವತ್ತು ವರ್ಷ ಗುಮಾಸ್ತನಾಗಿ, ಟಿಕೆಟಿನ ಹಿಂದಿನ ಸಣ್ಣ ಅಕ್ಷರವನ್ನೂ ಓದಿ ಬದುಕಿದ ಮನುಷ್ಯ. ಅವನು ಕನ್ನಡಕ ಹಾಕಿಕೊಂಡ. ಕೊನೆಯವನಾದ್ದರಿಂದ ಅವಸರವಿರಲಿಲ್ಲ. ಮಳೆ ಸುರಿಯಿತು.

"ಇಲ್ಲಿ ನನ್ನ ದನಿಯನ್ನ ಶಾಶ್ವತವಾಗಿ ಕಾಪಾಡ್ತೀವಿ ಅಂತಿದೆಯಲ್ಲಯ್ಯ" ಎಂದ ಎಂಟ್ವಿಸಲ್.

"ಹೌದು ಸರ್" ಎಂದ ಡೆಸ್ಮಂಡ್.

"ಸತ್ತಿರೋದು ವಾಲ್ಟರು. ಕಾಪಾಡೋದು ನನ್ನ ದನಿಯಾ?"

"ಮೆಲ್ಲಗೆ ಸರ್. ಇದು... ವಿಶ್ವವಿದ್ಯಾಲಯದ ಕೆಲಸ. ನಿಮಗೆ ಮಾತ್ರ ಗೊತ್ತಿರಲಿ."

ಎಂಟ್ವಿಸಲ್ ಅವನನ್ನು ಮೇಲಿಂದ ಕೆಳಗೆ ನೋಡಿದ. ನಲವತ್ತು ವರ್ಷದಲ್ಲಿ ಯಾರೂ ಅವನ ದನಿಯನ್ನು ನಲವತ್ತು ನಿಮಿಷ ಕೇಳಿದ್ದಿಲ್ಲ, ಹೆಂಡತಿಯಂತೂ ನಾಲ್ಕು ನಿಮಿಷವೂ ಇಲ್ಲ. ಕೊರಳ ಟೈ ಸರಿಮಾಡಿಕೊಂಡು, ದಪ್ಪ ಅಕ್ಷರದಲ್ಲಿ ಸಹಿ ಹಾಕಿ, "ನಿಶ್ಚಿಂತರಾಗಿರಿ. ನನ್ನ ಸಂಪೂರ್ಣ ಸಹಕಾರವಿದೆ" ಎಂದು ಹೇಳಿ ಒಳಗೆ ನಡೆದ. ಮೂವತ್ತನಾಲ್ಕು ಬಾಯಿಗಳಲ್ಲಿ ಒಂದು ಆಗಲೇ ಇಸ್ತ್ರಿಯಾಗಿತ್ತು.

ಗುಂಡಿಯಲ್ಲಿ ನೀರು ನಿಂತಿತ್ತು. ವಾಲ್ಟರನನ್ನು ಇಳಿಸುವ ಬದಲು ತೇಲಿಬಿಟ್ಟ ಹಾಗಾಯಿತು. ಪಾದ್ರಿ ಪ್ರಾರ್ಥನೆಯ ಅರ್ಧ ಭಾಗವನ್ನು ಗಾಳಿಗೆ ಕೊಟ್ಟು ಮುಗಿಸಿದ. ಡೆಸ್ಮಂಡ್ ಕಣ್ಣೊರೆಸಿಕೊಂಡ. ಅದು ಮಳೆಯೂ ಆಗಿರಬಹುದು. ನಲವತ್ತೊಂದು ಗಂಟೆ ಯಾರನ್ನಾದರೂ ಕೇಳಿಸಿಕೊಂಡು ಕೂತರೆ, ಆ ಮನುಷ್ಯ ಎದೆಯೊಳಗೆ ಒಂದು ಕುರ್ಚಿ ಹಾಕಿಕೊಂಡು ಕೂತುಬಿಡುತ್ತಾನೆ.

ಕಾರ್ಮಿಕರ ಕ್ಲಬ್ಬಿನ ಸಭಾಂಗಣದಲ್ಲಿ ಉದ್ದ ಮೇಜು. ಹ್ಯಾಮು, ಉಪ್ಪಿನಕಾಯಿ ಈರುಳ್ಳಿ, ಹಣ್ಣಿನ ಕೇಕು, ಮಧ್ಯದಲ್ಲಿ ಎರಡು ಮಹಾ ಕೆಟಲುಗಳು. ಒಂದರಿಂದ ಐವಿ ಟೀ ಬಗ್ಗಿಸುತ್ತಿದ್ದಳು. ಇನ್ನೊಂದು ಖಾಲಿ, ಅದಕ್ಕೆ ಟೀ ಆರದಿರಲೆಂದು ಹಾಕುವ ಉಣ್ಣೆಯ ಕುಲಾವಿ ತೊಡಿಸಿ ಸುಮ್ಮನೆ ಕೂರಿಸಿದ್ದರು. ಡೆಸ್ಮಂಡ್ ಕೆಂಪು ದೀಪ ಹೊತ್ತಿಸಿ, ಕುಲಾವಿಯ ಕೆಳಗೆ ರೆಕಾರ್ಡರ್ ಸಿಕ್ಕಿಸಿ, ಪಕ್ಕದಲ್ಲಿ ತಟ್ಟೆ ಹಿಡಿದು ನಿಂತ.

ಆಹಾ, ಏನು ಮಾತು. ಯಾರ ಕೀಲು ನೋವು, ಯಾರ ಸೊಸೆ ಓಡಿಹೋದದ್ದು, ಪಾದ್ರಿಯ ಬೂಟಿನಲ್ಲಿ ತೂತು. ಪುಣ್ಯಕ್ಕೆ ಒಬ್ಬರೂ ಹವಾಮಾನ ಆಹ್ಲಾದಕರ ಎನ್ನಲಿಲ್ಲ. ಹತ್ತು ನಿಮಿಷ, ಹದಿನೈದು ನಿಮಿಷ. ಡೆಸ್ಮಂಡನ ಕಿವಿ ತುಂಬಿತು, ಕಣ್ಣು ತುಂಬಿತು.

ಅಷ್ಟರಲ್ಲಿ ಎಂಟ್ವಿಸಲ್ ಬಂದ. ರೆಕಾರ್ಡರ್ ಎಲ್ಲಿದೆ ಎಂದು ತಿಳಿಯದ್ದರಿಂದ ಡೆಸ್ಮಂಡನ ಎದೆಯ ಜೇಬಿನ ಕಡೆ ಬಗ್ಗಿ, ಬಾವಿಯೊಳಗೆ ಕೂಗುವವನ ಹಾಗೆ ಹೇಳಿದ: "ಉಗಿಬಂಡಿಗಳ ಕಾಲದಲ್ಲಿ ನಿಲ್ದಾಣಗಳ ಶಿಸ್ತು ಅನುಪಮವಾಗಿತ್ತು."

"ಸರ್, ದಯವಿಟ್ಟು ಆ ಕಡೆ ಹೋಗಿ."

"ಪ್ರಪ್ರಥಮವಾಗಿ ನಾನು ಸೇವೆಗೆ ಸೇರಿದಂದು..."

"ಸಿರಿಲ್‌ಗೆ ಏನಾಯ್ತು?" ಎಂದು ಯಾರೋ ಕೇಳಿದರು.

"ದುಃಖ ತಲೆಗೇರಿದೆ" ಎಂದಳು ಐವಿ. "ನಲವತ್ತು ವರ್ಷದಿಂದ ವಾಲ್ಟರಿಗೂ ಅವನಿಗೂ ಮಾತಿರ್ಲಿಲ್ಲ. ಅದಕ್ಕೇ ಇರ್ಬೇಕು."

ಡೆಸ್ಮಂಡ್ ಮೇಜನ್ನು ಸುತ್ತಿದ, ಎಂಟ್ವಿಸಲ್ ಅವನ ಜೇಬನ್ನು ಸುತ್ತಿದ. ಮೂರು ಸುತ್ತು ಮುಗಿಯುವಷ್ಟರಲ್ಲಿ ಐವಿ ಕುದಿಯುವ ನೀರಿನ ಪಾತ್ರೆ ತಂದು, ಕುಲಾವಿಯ ನೆತ್ತಿಯ ತೂತಿನಿಂದಲೇ ಖಾಲಿ ಕೆಟಲಿನ ಮುಚ್ಚಳ ಎತ್ತಿ, ದಡದಡ ಸುರಿದು ಟೀ ಮಾಡಿಬಿಟ್ಟಿದ್ದಳು. ಕುಲಾವಿ ತೆಗೆಯಲಿಲ್ಲ, ಅದೊಂದೇ ದೇವರ ದಯೆ. ಆದರೆ ಈಗ ಎಲ್ಲರ ಕೈಯೂ ಆ ಕೆಟಲಿಗೇ. ಡೆಸ್ಮಂಡ್ ಓಡಿಬಂದು ಅದನ್ನು ಎರಡು ಕೈಯಲ್ಲೂ ಅವುಚಿಕೊಂಡು ನಿಂತ. ಅಂಗೈ ಸುಟ್ಟಿತು. ಬಿಡಲಿಲ್ಲ.

"ಟೀ ಬಗ್ಗುಸ್ತೀಯೇನಪ್ಪ?" ಎಂದು ಒಬ್ಬಳು ಕಪ್ಪು ಚಾಚಿದಳು.

"ಇನ್ನೂ... ಇಳಿದಿಲ್ಲ" ಎಂದ, ಹಲ್ಲು ಕಚ್ಚಿ.

"ನೋಡ್ರೇ, ಕೆಟಲ್ ತಬ್ಕೊಂಡು ಅಳ್ತಿದಾನೆ ಮಗು. ಹೆತ್ತ ಮಗನೂ ಹಿಂಗೆ ಮಾಡಲ್ಲ."

ಇಡೀ ಸಭೆ ಅವನನ್ನು ಮರುಕದಿಂದ ನೋಡಿತು. ಆ ಮರುಕದ ನಡುವೆ ಮೂಲೆಯ ಕುರ್ಚಿಯಿಂದ ಒಬ್ಬ ಮುದುಕಿ ಎದ್ದು ನಿಂತಳು. ಕಡಲಕರೆಯ ಕಪ್ಪೆಚಿಪ್ಪಿನ ಬಣ್ಣದ ಕೋಟು, ಹಕ್ಕಿಯಷ್ಟು ಸಣ್ಣ ತಲೆ. ವಾಲ್ಟರನ ತಂಗಿ ಮ್ಯೂರಿಯಲ್.

"ನನ್ನಣ್ಣನ್ನ ಇಷ್ಟು ಚೆನ್ನಾಗಿ ಕಳಿಸಿಕೊಟ್ರಿ. ಥ್ಯಾಂಕ್ಸ್" ಎಂದಳು. "ಇಪ್ಪತ್ತು ವರ್ಷ ಅವನು ನಮಗೆ ಕಾಗದ ಬರೀಲಿಲ್ಲ. ಎರಡು ವರ್ಷದಿಂದ ಮತ್ತೆ ಶುರುಮಾಡಿದ್ದ. ಯಾರೋ ಓದೋ ಹುಡುಗ ದಿನಾ ಮನೆಗೆ ಬರ್ತಾನೆ, ಹಳೇ ಭಾಷೆ ಕೇಳ್ತಾನೆ, ನಾನು ಈ ಕಡೆಯವನೇ ಅಂದ್ಕೊಂಡಿದಾನೆ ಅಂತ. ನಾನು ಓದಿ ಓದಿ ನಕ್ಕೆ. ನಮ್ಮೂರು ಇಲ್ಲಿಂದ ಮುನ್ನೂರು ಮೈಲಿ, ಸಮುದ್ರದ ದಂಡೆ. ಅಪ್ಪನದು ಟೋಪಿ ಅಂಗಡಿ. ವಾಲ್ಟರ್ ಮೂವತ್ತೈದು ವರ್ಷದ ತನಕ ಅಲ್ಲೇ ಟೋಪಿ ಮಾರ್ಕೊಂಡು, ಊರಿನ ನಾಟಕಗಳಲ್ಲಿ ಮುದುಕನ ಪಾತ್ರ ಹಾಕ್ಕೊಂಡು ಇದ್ದ."

ಸಭಾಂಗಣದಲ್ಲಿ ಆಡುತ್ತಿದ್ದ ಫೋರ್ಕುಗಳು ನಿಂತವು. ಯಾರೂ ಮ್ಯೂರಿಯಲ್‌ಳನ್ನು ನೋಡಲಿಲ್ಲ. ಎಲ್ಲರೂ ಡೆಸ್ಮಂಡನನ್ನು ನೋಡಿದರು, ನೋಡಿ ತಟ್ಟೆಯ ಕಡೆ ಮುಖ ತಿರುಗಿಸಿದರು. ಆ ತಿರುಗಿಸಿದ ರೀತಿಯಲ್ಲೇ ಅವನಿಗೆ ತಿಳಿದುಹೋಯಿತು.

"ಐವಿ ಆಂಟಿ. ನಿಮಗೆ ಗೊತ್ತಿತ್ತೇ?"

ಐವಿ ಸೆರಗಿಲ್ಲದ್ದಕ್ಕೆ ಏಪ್ರನ್ನಿನ ಅಂಚನ್ನೇ ಬೆರಳಿಗೆ ಸುತ್ತಿಕೊಂಡಳು. "ಇಡೀ ಬೀದಿಗೆ ಗೊತ್ತಿತ್ತು ಮರಿ. ಮೊದಲನೇ ದಿನ ಅವನು ಅವನ ಥರಾನೇ ಮಾತಾಡ್ದ. ನಿನ್ ಮುಖ ಹಿಂಗ್ ಬಾಡೋಯ್ತಂತೆ. ಇನ್ನ ಬರಲ್ಲ ಇವನು ಅಂತ ಹೆದ್ರುಕೊಂಡು ಓಡಿಬಂದ ನನ್ನತ್ರ. ನಮ್ಮಪ್ಪ ಆಡ್ತಿದ್ ಮಾತು ನಾಕು ನಾನು ಹೇಳ್ಕೊಟ್ಟೆ, ಕಸಾಯಿಯವನು ನಾಕು ಹೇಳ್ಕೊಟ್ಟ. ಆಮೇಲೆ ವಾರವಾರ ಬರೋನು, ಸ್ಕೂಲ್ ಹುಡುಗನ್ ಥರ. ಸಾಲ್ದೇ ಹೋದಾಗ ತಾನೇ ಕಟ್ಕೊಂಡು ಹೇಳೋನು. ನಿನ್ ಬಿಟ್ರೆ ಆ ಮನೆ ಬಾಗಿಲು ಬಡಿಯೋರು ಯಾರಿದ್ರಪ್ಪ?"

"ನೀನು ಬರ್ಕೊಂತಿದ್ಯಲ್ಲ, ಅದ್ ನೋಡಿದ್ರೆ ಪಾಪ ಅನ್ನಿಸ್ತಿತ್ತು" ಎಂದ ಕಸಾಯಿಯವನು.

ನಲವತ್ತೊಂದು ಗಂಟೆ. ಮುನ್ನೂರ ಹನ್ನೆರಡು ಪುಟ. ಅದರಲ್ಲಿ ಅರವತ್ತು ಪುಟದ ಪದಕೋಶ, ಟೋಪಿ ಮಾರುವವನೊಬ್ಬ ಪೈಪು ಸೇದುತ್ತ ಕಟ್ಟಿದ್ದು.

ಡೆಸ್ಮಂಡನೊಳಗೆ ಏನೋ ಹರಿಯಿತು. ಇಸ್ತ್ರಿ ಹಾಕಿದ ಮಾತು ನೆತ್ತಿಯಿಂದ ಅಂಗಾಲಿನವರೆಗೆ ಪರ್ರೆಂದು ಹರಿದು, ಅದರೊಳಗಿಂದ ಒಂದು ದನಿ ಎದ್ದು ಬಂತು. ಗುಡ್ಡದ ಮೇಲಿನ ಗಾಳಿಯಂಥ ದನಿ. ಕ್ಲಬ್ಬಿನ ಕಿಟಕಿಗಳು ನಡುಗಿದವು. ಎರಡು ಬೀದಿಯಾಚೆ ನಾಯಿಯೊಂದು ಕುಂಯ್‌ಗುಟ್ಟಿತೆಂದು ಇಂದಿಗೂ ಹೇಳುತ್ತಾರೆ.

"ಏನ್ ಅಂದ್ಕಂಡೀರ್ಲಾ ನನ್ನ? ಎಲ್ಡು ವರ್ಸ, ಎಲ್ಡು ವರ್ಸ ಆ ಮುದ್ಕನ ವೊಗೆ ಕುಡ್ದು ಎದೆ ಕರ್ರಗ್ ಮಾಡ್ಕಂಡಿವ್ನಿ. ಮಂದೆ ಎಲ್ಲ ಸೇರ್ಕಂಡು ತಬ್ಬಲಿ ಮರೀಗೆ ಗುಮ್ಮೋ ಅಂಗೆ ಗುಮ್ಬುಟ್ರಲ್ಲ. ಒಬ್ಬುಕ್ಕಾದ್ರೂ ಬಾಯ್ ಬುಡಕ್ಕೆ ಆಗ್ಲಿಲ್ವಾ? ಆ ಅವಾಮಾನದ್ ಸುದ್ದಿ ಯೋಳಕ್ ಬಾಯಿತ್ತು, ಇದುಕ್ ಇರ್ನಿಲ್ವಾ? ಇಕ್ಕಳಿ, ತಿನ್ನಿ, ಈ ಅಂದಿ ತೊಡೆ ನಿಮ್ ಗಂಟ್ಲಾಗೆ ಅಡ್ಡಡ್ಡ ನಿಂತ್ಕಳ್ಳಿ."

ಹೀಗೆ ಹದಿನೆಂಟು ನಿಮಿಷ. ಕುರಿ, ತೋಳ, ಬೇಲಿ, ಹಿಮ, ಅಜ್ಜ, ಅಜ್ಜನ ದೊಣ್ಣೆ, ಎಲ್ಲವೂ ಬಂದು ಹೋದವು. ಜನವೂ ಸುಮ್ಮನಿರಲಿಲ್ಲ. ಕಸಾಯಿಯವನು ತಿರುಗಿ ಕೂಗಿದ, ಐವಿ ಅತ್ತಳು, ಎಂಟ್ವಿಸಲ್ ಶಾಶ್ವತತೆಯನ್ನು ಮರೆತು ಈರುಳ್ಳಿ ಎಸೆದ. ಆ ಈರುಳ್ಳಿ ತಪ್ಪಿಸಿಕೊಳ್ಳಲು ಡೆಸ್ಮಂಡ್ ಬಗ್ಗಿದಾಗ ಕೆಟಲ್ ಅಲುಗಾಡಿ, ಕುಲಾವಿ ಜಾರಿ, ಕೆಂಪು ದೀಪ ಹೊರಗೆ ಬಂತು.

ಕೂಗಾಟ ನಿಂತಿತು. ಹೆಣವೇ ವಾಪಸು ಬಂದು ಕುರ್ಚಿ ಕೇಳಿದ್ದರೂ ಅಷ್ಟು ನಿಶ್ಶಬ್ದವಾಗುತ್ತಿರಲಿಲ್ಲ.

"ಎಲ್ಲಾರೂ ಸಹಿ ಹಾಕಿದೀರಿ" ಎಂದ ಎಂಟ್ವಿಸಲ್, ನಿಧಾನವಾಗಿ. "ಓದಿದವನು ನಾನೊಬ್ಬನೇ."

ಐವಿ ಮೂಗು ಒರೆಸಿಕೊಂಡು ರೆಕಾರ್ಡರನ್ನು ಬೆರಳ ತುದಿಯಲ್ಲಿ ಎತ್ತಿ ಅವನ ಕೈಗಿಟ್ಟಳು. "ನಾವು ನಿನಗೆ ಮೋಸ ಮಾಡಿದ್ವಿ. ನೀನು ನಮಗೆ ಮಾಡ್ದೆ. ಸರಿಗೆ ಸರಿ. ಕಾಗದ ಇಟ್ಕೋ, ಯಾರೂ ವಾಪಸ್ ಕೇಳಲ್ಲ. ಹೋಗು, ಬಸ್ ತಪ್ಪುತ್ತೆ." ಮೂರು ಹ್ಯಾಮಿನ ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ತುರುಕಿದಳು.

ಅವನು ಓಡಿದ. ಮೂರೂವರೆಯ ಬಸ್ಸು ಸಿಕ್ಕಿತು. ಕಿಟಕಿಯಾಚೆ ಕಣಿವೆ ಒದ್ದೆ ಬಟ್ಟೆಯ ಹಾಗೆ ಹಿಂದೆ ಸರಿಯಿತು. ಪ್ರಬಂಧ ಸತ್ತಿತ್ತು, ವಾಲ್ಟರ್ ಎರಡನೆಯ ಸಲ ಸತ್ತಿದ್ದ. ಆದರೆ ಕೈಯಲ್ಲಿ ಒಂದು ಗಂಟೆಯ ಸಹಜ ಮಾತಿತ್ತು, ಮೂವತ್ತನಾಲ್ಕು ಸಹಿ ಇತ್ತು. ಸಮಿತಿ ಕೇಳಿದ್ದು ಅಷ್ಟೇ. ವಿಷಯ ಬದಲಿಸಬಹುದು. ಹೊಸ ಹೆಸರು ಇಡಬಹುದು.

ನಾಲ್ಕೂಮುಕ್ಕಾಲಿಗೆ ಅವನು ಮಾರ್ಗದರ್ಶಕಿ ಡಾಕ್ಟರ್ ಫ್ರಾಬಿಷರ್ ಕೋಣೆಯಲ್ಲಿ ನಿಂತಿದ್ದ. ನಿಂತಿದ್ದ, ಏಕೆಂದರೆ ಆಕೆ ವಿದ್ಯಾರ್ಥಿಗಳನ್ನು ಕೂರಿಸಿದ್ದನ್ನು ಕಂಡವರಿಲ್ಲ. ಮೂಲೆಯಲ್ಲಿ ಸಿಗುರ್ಡ್ ಎಂಬ ನಾರ್ವೆಯ ತರುಣ ಕಾಗದ ಜೋಡಿಸುತ್ತಿದ್ದ. ಅವನೂ ಸಂಶೋಧನಾ ವಿದ್ಯಾರ್ಥಿ. ಇಂಗ್ಲಿಷರಿಗೆ ನಾಚಿಕೆಯಾಗುವಷ್ಟು ಚೆನ್ನಾಗಿ ಇಂಗ್ಲಿಷ್ ಆಡುವವನು, ಈ ವರ್ಷ ಇನ್ನೂ ವಿಷಯ ಸಿಕ್ಕಿರಲಿಲ್ಲ.

"ಮೇಡಂ, ಮೊದಲು ಒಂದು ನಿಜ ಹೇಳಬೇಕು. ವಾಲ್ಟರ್ ಪೆನ್‌ಫೋಲ್ಡ್..."

ಡಾಕ್ಟರ್ ಫ್ರಾಬಿಷರ್ ಬೆರಳೆತ್ತಿ ಸುಮ್ಮನಿರಿಸಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡಳು. ಕೇಳಿದಳು. ತಲೆಯಾಡಿಸಿದಳು. ನಡುನಡುವೆ ಮುಂದಕ್ಕೆ ಓಡಿಸಿದಳು. ಒಂದು ಜಾಗದಲ್ಲಿ ಅವಳ ಪೆನ್ನು ನಿಂತಿತು, ಆಮೇಲೆ ಉಸಿರು ನಿಂತಿತು. ಹಿಂದಕ್ಕೆ ಓಡಿಸಿ ಮತ್ತೆ ಕೇಳಿದಳು.

"ನಲವತ್ತೆರಡನೇ ನಿಮಿಷದಲ್ಲಿ ಒಬ್ಬ ಬರ್ತಾನಲ್ಲ. ಯಾರು ಅವನು?"

"ಉಗಿಬಂಡಿ ಎನ್ನುವವರೇ? ಅವರು ಎಂಟ್ವಿಸಲ್, ರೈಲ್ವೆಯಲ್ಲಿ..."

"ಅವನಲ್ಲ. ಕೂಗಾಡ್ತಾನಲ್ಲ. ಕುರಿ, ತೋಳ, ಗಂಟಲಿಗೆ ಅಡ್ಡಡ್ಡ."

ಡೆಸ್ಮಂಡನ ಕಿವಿ ಕೆಂಪಾಯಿತು. "ಕ್ಷಮಿಸಿ. ಅದು ನಾನು."

ಡಾಕ್ಟರ್ ಫ್ರಾಬಿಷರ್, ಚರ್ಚಿನಲ್ಲಿ ಟೋಪಿ ತೆಗೆಯುವ ಹಾಗೆ, ಹೆಡ್‌ಫೋನನ್ನು ಎರಡು ಕೈಯಲ್ಲಿ ತೆಗೆದಳು. "ನೀವು ಎಲ್ಲಿಯವರು?"

"ಹೆಕಲ್‌ಡೆನ್ನಿನ ಮೇಲುಗಡೆ, ಗುಡ್ಡದ ನೆತ್ತಿ. ಅಜ್ಜ ಕುರಿ ಸಾಕುತ್ತಿದ್ದರು. ಹದಿನಾಲ್ಕು ವರ್ಷದವರೆಗೂ ಅವರ ಜೊತೆ ಇದ್ದೆ. ಅಲ್ಲಿ ಬೇರೆ ಮನೆಯೇ ಇರಲಿಲ್ಲ."

"ಇದನ್ನ ಮೂರು ವರ್ಷದಿಂದ ಯಾಕೆ ಹೇಳ್ಲಿಲ್ಲ?"

"ಪಟ್ಟಣದ ಶಾಲೆಗೆ ಬಂದಾಗ ನಾನು ಬಾಯಿ ಬಿಟ್ಟರೆ ಇಡೀ ತರಗತಿ ನಗುತ್ತಿತ್ತು ಮೇಡಂ. ಕನ್ನಡಿ ಮುಂದೆ ನಿಂತು ಒಂದೊಂದೇ ಮಾತನ್ನು ಉಜ್ಜಿ ಉಜ್ಜಿ ತೆಗೆದೆ. ಎಲ್ಲ ಹೋಯಿತು ಅಂದುಕೊಂಡಿದ್ದೆ."

"ಪುಣ್ಯಕ್ಕೆ ಹೋಗಿಲ್ಲ. ಒಂದಿಷ್ಟೂ ಹೋಗಿಲ್ಲ" ಎಂದು ಡಾಕ್ಟರ್ ಫ್ರಾಬಿಷರ್ ಎದ್ದು ನಿಂತಳು. ಅವಳ ಕಣ್ಣಲ್ಲಿ ನೀರಿತ್ತು. "ಐ‍ವತ್ತು ವರ್ಷದ ಹಿಂದೆ ಸತ್ತುಹೋಯ್ತು ಅಂತ ಪುಸ್ತಕಗಳಲ್ಲಿ ಬರೆದಿರೋ ಮಾತು ಇದು."

ಡೆಸ್ಮಂಡನ ಎದೆ, ವರ್ಷಗಳ ಮೇಲೆ, ಒಂದು ಬಡಿತ ಹೆಚ್ಚು ಬಡಿಯಿತು. "ಅಂದರೆ ನನ್ನ ಪ್ರಬಂಧ ಉಳಿಯಿತೇ ಮೇಡಂ?"

"ಪ್ರಬಂಧ?" ಅವಳು ಗೊಂದಲದಿಂದ ನೋಡಿದಳು. "ತನ್ನ ಮಾತನ್ನ ತಾನೇ ಕೇಳ್ಕೊಂಡು ಸಿದ್ಧಾಂತ ಕಟ್ಟೋದು ಮರದವರ ಕೆಲಸ. ನಮ್ಮಲ್ಲಿ ಅದು ಆಗೋದೇ ಇಲ್ಲ, ನಿಮಗೇ ಗೊತ್ತು. ಮಾತಾಡೋನು ಬೇರೆ, ಬರ್ಕೊಳ್ಳೋನು ಬೇರೆ. ವಿದ್ಯಾರ್ಥಿಗಳ ಪಟ್ಟಿಯಿಂದ ನಿಮ್ಮ ಹೆಸರನ್ನ ಇವತ್ತೇ ತೆಗೀತೀನಿ." ಆಮೇಲೆ, ಮೂರು ವರ್ಷದಲ್ಲಿ ಮೊದಲ ಬಾರಿಗೆ, ತನ್ನ ಮೆತ್ತನೆಯ ಕುರ್ಚಿಯನ್ನು ಅವನ ಕಡೆ ತಳ್ಳಿದಳು. "ಕೂತ್ಕೊಳ್ಳಿ, ಮಿಸ್ಟರ್ ಹಾರ್ಗ್ರೀವ್ಸ್. ಬಿಸ್ಕತ್ತು ತಗೊಳ್ಳಿ. ಸಿಗುರ್ಡ್, ಬನ್ನಿ ಇಲ್ಲಿ. ನಿಮಗೆ ವಿಷಯ ಸಿಕ್ತು."

ಸಿಗುರ್ಡ್ ಬಂದು, ತುಂಬಾ ಮರ್ಯಾದೆಯಿಂದ ಬಗ್ಗಿ, ಒಪ್ಪಿಗೆ ಪತ್ರವನ್ನು ಮೇಜಿನ ಮೇಲಿಟ್ಟ. ಡೆಸ್ಮಂಡ್ ಜನ್ಮದಲ್ಲಿ ಮೊದಲ ಸಲ ಅದನ್ನು ಸಹಿ ಹಾಕುವವನ ಕಣ್ಣಿನಿಂದ ಓದಿದ. ಅದರಲ್ಲಿ ತಪ್ಪಿಸಿಕೊಳ್ಳುವ ಜಾಗ ಎಲ್ಲೂ ಇರಲಿಲ್ಲ. ಅವನೇ ಕೂತು ಬರೆದ ಪತ್ರ ಅದು, ಹೋದ ವರ್ಷ ವಿಭಾಗದವರೆಲ್ಲ ಮೆಚ್ಚಿ ಇಟ್ಟುಕೊಂಡಿದ್ದರು. ಸಹಿ ಹಾಕಿದ.

"ವಾರಕ್ಕೆ ಮೂರು ದಿನ ಬರ್ತೀನಿ. ಮೂರು ವರ್ಷದ ಕೆಲಸ" ಎಂದ ಸಿಗುರ್ಡ್. "ನಿಮಗೆ ಎದೆನೋವು, ರಕ್ತದೊತ್ತಡ ಅಂಥದ್ದೇನಾದ್ರೂ ಇದೆಯಾ?"

"ಇಲ್ಲ."

"ಒಳ್ಳೇದು. ಊರು ಬಿಟ್ಟು ಹೋಗೋ ಯೋಚನೆ?"

"ಎಲ್ಲಿಗೆ ಹೋಗಲಿ?"

"ಒಳ್ಳೇದು" ಎಂದು ಸಿಗುರ್ಡ್ ಗುರುತು ಹಾಕಿಕೊಂಡ.

ಡಾಕ್ಟರ್ ಫ್ರಾಬಿಷರ್ ಅಂಗೈ ಚಾಚಿದಳು. "ನಿಮ್ಮ ಲೈಬ್ರರಿ ಕಾರ್ಡು ಕೊಟ್ಟುಬಿಡಿ. ಇನ್ನು ಮೇಲೆ ದಯವಿಟ್ಟು ಏನನ್ನೂ ಓದಬೇಡಿ, ಮಿಸ್ಟರ್ ಹಾರ್ಗ್ರೀವ್ಸ್. ಓದಿದ್ರೆ ಮಾತು ಕೆಡುತ್ತೆ."

ಡೆಸ್ಮಂಡ್ ಕಾರ್ಡನ್ನು ಮೇಜಿನ ಮೇಲಿಟ್ಟ. ಬಿಸ್ಕತ್ತು ಹಿಡಿದು ಎದ್ದ. ಬಾಗಿಲ ಹತ್ತಿರ ಹೋಗಿ, ಗೋಡೆಯ ಕಡೆ ಮುಖ ಮಾಡಿ, ತೋಳ ಹಿಡಿದ ಕುರಿಯನ್ನು ನೋಡಿ ಅಜ್ಜ ಹೇಳುತ್ತಿದ್ದ ಒಂದು ಮಾತನ್ನು, ಯಾರಿಗೂ ಕೇಳಿಸದಂತೆ, ಗಂಟಲೊಳಗೇ ಅಂದ.

ಹಿಂದಿನಿಂದ ಪೆನ್ನಿನ ಕ್ಯಾಪು ತೆಗೆದ ಸದ್ದಾಯಿತು.

"ಇನ್ನೊಂದು ಸಲ ಹೇಳ್ತೀರಾ?" ಎಂದ ಸಿಗುರ್ಡ್. "ಸ್ವಲ್ಪ ನಿಧಾನವಾಗಿ."